ಕ್ಷಮೆ ಕೇಳೋ ಅರ್ಜಿಲೂ ಇಂಟರ್ವ್ಯೂ ಕೇಳ್ದೋನು

ಬೆಳಗ್ಗಿಂದ ಅಮೆರಿಕದ ಪತ್ರಕರ್ತ ಇವಾನ್ ಗೆರ್ಶ್ಕೋವಿಚ್ ತಲೇಲೇ ಕೂತ್ಬಿಟ್ಟಿದಾನೆ. ಅಪ್ಪ ಅಮ್ಮ ಸೋವಿಯತ್ ಒಕ್ಕೂಟ ಬಿಟ್ಟು ಅಮೆರಿಕಕ್ಕೆ ಹೋದೋರು, ಮಗ ನೋಡಿದ್ರೆ ನ್ಯೂಯಾರ್ಕ್ ಟೈಮ್ಸ್‌ನಲ್ಲಿದ್ದ ಸಣ್ಣ ಕೆಲಸ ಬಿಟ್ಟು 2017ರಲ್ಲಿ ಮಾಸ್ಕೋ ಟೈಮ್ಸ್ ಸೇರೋಕೆ ಅದೇ ರಷ್ಯಾಗೆ ಹೋದ, ಆಮೇಲೆ ಫ್ರಾನ್ಸ್‌ನ ಸುದ್ದಿಸಂಸ್ಥೆ ಎಎಫ್‌ಪಿ, 2022ರಲ್ಲಿ ಅಮೆರಿಕದ ಪೇಪರ್ ವಾಲ್ ಸ್ಟ್ರೀಟ್ ಜರ್ನಲ್. 2023ರ ಮಾರ್ಚ್ 29ಕ್ಕೆ ರಷ್ಯಾದ ಯೆಕಟೆರಿನ್‌ಬರ್ಗ್ ಊರಲ್ಲಿ ರಿಪೋರ್ಟಿಂಗ್ ಮೇಲಿದ್ದಾಗ ಹಿಡಿದು ಗೂಢಚಾರಿ ಅಂತ ಕೇಸ್ ಹಾಕಿದ್ರು, ಅವನು, ಅವನ ಪೇಪರ್‌ನೋರು, ಅಮೆರಿಕ ಸರ್ಕಾರ ಎಲ್ರೂ ಸುಳ್ಳು ಅಂದ್ರು, ಆದ್ರೂ ಬಾಗಿಲು ಮುಚ್ಕೊಂಡು ವಿಚಾರಣೆ ಮಾಡಿ 16 ವರ್ಷ ಶಿಕ್ಷೆ ಕೊಟ್ರು.

ನಂಗೆ ಮನಸ್ಸಿಗೆ ತಟ್ಟಿದ್ದು ಕೊನೇದು. 2024ರ ಆಗಸ್ಟ್ 1ಕ್ಕೆ ಟರ್ಕಿಯ ಅಂಕಾರಾದಲ್ಲಿ ರಷ್ಯಾಗೂ ಪಾಶ್ಚಾತ್ಯ ದೇಶಗಳಿಗೂ ಮಧ್ಯೆ ಕೈದಿಗಳ ಅದಲುಬದಲು ಆಯ್ತಲ್ಲ, ಅದಕ್ಕೆ ಮುಂಚೆ ಪುಟಿನ್‌ಗೆ ಕ್ಷಮಾದಾನದ ಅರ್ಜಿ ಬರೀಬೇಕಿತ್ತು, ಈ ಹುಡುಗ ಅದರ ಕೊನೇಲಿ, ಬಿಡುಗಡೆ ಆದ್ಮೇಲೆ ನಂಗೊಂದು ಇಂಟರ್ವ್ಯೂ ಕೊಡ್ತೀರಾ ಅಂತ ಕೇಳಿದಾನೆ! ಒಂದು ವರ್ಷದ ಮೇಲೆ ಜೈಲಲ್ಲಿದ್ದೋನು, ಬಿಡುಗಡೆ ಇನ್ನೇನು ಕೈಗೆ ಸಿಕ್ತು ಅನ್ನೋವಾಗ್ಲೂ ಪ್ರಶ್ನೆ ಕೇಳೋದು ಬಿಡ್ಲಿಲ್ಲ, ಇದಕ್ಕಿಂತ ದೊಡ್ಡ ಧೈರ್ಯ ನಾನಂತೂ ಕೇಳಿಲ್ಲ.

ಅವನ ಜೊತೆಗೇ ಅಮೆರಿಕದ ದುಡ್ಡಲ್ಲಿ ನಡೆಯೋ ರೇಡಿಯೋ ಲಿಬರ್ಟಿಯ ಪತ್ರಕರ್ತೆ ಅಲ್ಸು ಕುರ್ಮಶೇವಾ ಕೂಡ ಹೊರಗೆ ಬಂದ್ರು, ಇವನಿಗೆ ಶಿಕ್ಷೆ ಆದ ದಿನವೇ ಅವ್ರಿಗೂ ಇನ್ನೊಂದು ಕೋರ್ಟಲ್ಲಿ ಆರೂವರೆ ವರ್ಷ ಜೈಲು ಹಾಕಿದ್ರು. ಅವ್ರ ಹೆಸರೂ ನೆನಪಿಟ್ಕೊಳಿ ಪ್ಲೀಸ್.