ದಾವಣಗೆರೆ ಹೆಸರಲ್ಲಿ ಹಾಸನದ ಗ್ರಾಫ್

ಅವತ್ತು ದಾವಣಗೆರೆ ಬ್ರಾಂಚಿನಿಂದ ಬೆಳಿಗ್ಗೆಯೇ ನೆಟ್‌ವರ್ಕ್ ನೋಡಿಕೊಳ್ಳುವ ನನಗೆ ಮೂರು ಸಲ ಫೋನ್ ಬಂತು. "ಸರ್, ಒಂದು ಬಿಲ್ ಓಪನ್ ಆಗೋಕೆ ಐದು ನಿಮಿಷ, ಸ್ವಲ್ಪ ನೋಡಿ." ನೆಟ್‌ವರ್ಕಿನ ಅಂಕಿಗಳನ್ನು ಗ್ರಾಫ್ ಮಾಡಿ ತೋರಿಸುವ ಗ್ರಾಫಾನಾ ತೆಗೆದು ನೋಡಿದೆ. ಬ್ರಾಂಚಿನ ನೆಟ್ ಲಿಂಕ್ ಶೇಕಡಾ 20 ಕೂಡ ತುಂಬಿರಲಿಲ್ಲ. "ನಮ್ಮ ಕಡೆ ಎಲ್ಲ ಸರಿ ಇದೆ" ಅಂದುಬಿಟ್ಟೆ. ಮಧ್ಯಾಹ್ನ ಅನುಮಾನ ಬಂದು ನೇರವಾಗಿ ರೌಟರ್‌ಗೆ ಲಾಗಿನ್ ಆದರೆ ಲಿಂಕ್ ತುಂಬಿ ತುಳುಕುತ್ತಿತ್ತು. ದಾವಣಗೆರೆಯ ಡ್ಯಾಶ್‌ಬೋರ್ಡ್ (ಗ್ರಾಫ್‌ಗಳಿರುವ ಪುಟ) ಮಾಡುವಾಗ ಹಾಸನದ್ದನ್ನು ಕಾಪಿ ಮಾಡಿ, ಮೇಲಿನ ಹೆಸರು ಬದಲಿಸಿ, ನಾಲ್ಕು ಪ್ಯಾನೆಲ್‌ಗಳಲ್ಲಿ ಎರಡರ ಐಪಿ, ಅಂದರೆ ರೌಟರಿನ ನೆಟ್‌ವರ್ಕ್ ವಿಳಾಸ, ಬದಲಿಸದೆ ಬಿಟ್ಟಿದ್ದೆ. ಇಷ್ಟು ದಿನ ನಾವು ನೋಡುತ್ತಿದ್ದದ್ದು ಹಾಸನದ ಗ್ರಾಫ್. ಅವರ ಮಾತು ನಿಜ ಇತ್ತು, ನಾನು ನಂಬಲಿಲ್ಲ. ಆ ಬೇಜಾರು ಇನ್ನೂ ಹೋಗಿಲ್ಲ.

ಅದಾದ ಮೇಲೆ ಡ್ಯಾಶ್‌ಬೋರ್ಡನ್ನು ಕೈಯಲ್ಲಿ ಮಾಡುವುದನ್ನೇ ನಿಲ್ಲಿಸಿದೆ. ಸಾಧನಗಳ ಹೆಸರು, ಬ್ರಾಂಚ್, ಐಪಿ ಎಲ್ಲ ನಮ್ಮ ಸಾಧನಗಳ ಪಟ್ಟಿ ಇಡುವ ನೆಟ್‌ಬಾಕ್ಸ್‌ನಲ್ಲಿ ಮೊದಲೇ ಇತ್ತು. ಅಲ್ಲಿರುವುದನ್ನೇ ಮತ್ತೆ ಇನ್ನೊಂದು ಕಡೆ ಟೈಪ್ ಮಾಡುವುದು ಯಾಕೆ, ಅಲ್ವಾ? ಈಗ ನೆಟ್‌ಬಾಕ್ಸ್‌ನಲ್ಲಿ ಒಂದು ರೌಟರ್ 'ಆಕ್ಟಿವ್' ಆದ ಕೂಡಲೇ ವೆಬ್‌ಹುಕ್ (ತಾನಾಗಿ ಹೋಗುವ ಸಂದೇಶ) ಹೊರಡುತ್ತದೆ. ಪೈಥಾನ್‌ನ ಫ್ಲಾಸ್ಕ್‌ನಲ್ಲಿ ಬರೆದ ನನ್ನ ಚಿಕ್ಕ ಸರ್ವಿಸ್ ಅದರ ಸಹಿ ಸರಿ ಇದೆಯಾ ನೋಡಿ, ಟೆಂಪ್ಲೇಟ್ ಜೇಸನ್‌ನಲ್ಲಿ (ಡ್ಯಾಶ್‌ಬೋರ್ಡಿನ ಮಾದರಿ ಫೈಲ್) ಹೆಸರು, ಐಪಿ ತುಂಬಿ, ಗ್ರಾಫಾನಾದ ಎಪಿಐಗೆ (ಪ್ರೋಗ್ರಾಂಗಳು ಅದರ ಜೊತೆ ಮಾತಾಡುವ ದಾರಿ) ಪೋಸ್ಟ್ ಮಾಡುತ್ತದೆ. ಯಾವ ಐಪಿಗಳನ್ನು ನೋಡಬೇಕು ಅಂತ ಅಂಕಿ ಸಂಗ್ರಹಿಸುವ ಪ್ರೊಮಿಥಿಯಸ್ ಕೂಡ ಇದೇ ಸರ್ವಿಸನ್ನು ನಿಮಿಷಕ್ಕೊಮ್ಮೆ ಕೇಳುತ್ತದೆ. ಸರ್ವಿಸ್ ಬಿದ್ದಿದ್ದಾಗ ವೆಬ್‌ಹುಕ್ ತಪ್ಪಿಹೋಗಬಹುದು, ಅದಕ್ಕೆ ರಾತ್ರಿ ಒಂದು ಸಲ ಇಡೀ ಪಟ್ಟಿ ಓಡಿಸುತ್ತೇನೆ.

ಯುಐಡಿ, ಅಂದರೆ ಡ್ಯಾಶ್‌ಬೋರ್ಡಿನ ವಿಳಾಸದಲ್ಲಿ ಬರುವ ಗುರುತು, ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನೀವು ಕೊಡದಿದ್ದರೆ ಗ್ರಾಫಾನಾ ತಾನೇ ಒಂದನ್ನು ಹುಟ್ಟಿಸುತ್ತದೆ. ಆಮೇಲೆ ಡ್ಯಾಶ್‌ಬೋರ್ಡ್ ಅಳಿಸಿ ಮತ್ತೆ ಮಾಡಿದರೆ ವಿಳಾಸವೇ ಬೇರೆ. ಬ್ರಾಂಚಿನವರ ಬುಕ್‌ಮಾರ್ಕ್, ಗೋಡೆಯ ಟಿವಿ, ಅಲರ್ಟ್ ಮೇಲ್‌ನಲ್ಲಿರುವ ಲಿಂಕ್ ಎಲ್ಲ ಕೆಡುತ್ತದೆ. ನಾನು 'ನೆಟ್' ಅಂತ ಹಾಕಿ, ಮುಂದೆ ನೆಟ್‌ಬಾಕ್ಸ್ ಆ ಸಾಧನಕ್ಕೆ ಕೊಟ್ಟ ನಂಬರ್ ಸೇರಿಸುತ್ತೇನೆ. ಜೊತೆಗೆ 'ಓವರ್‌ರೈಟ್' (ಇದ್ದದ್ದರ ಮೇಲೆಯೇ ಬರೆಯುವುದು) ಆನ್. ನೂರು ಸಲ ಓಡಿಸಿದರೂ ಅದೇ ಡ್ಯಾಶ್‌ಬೋರ್ಡ್, ಅದೇ ವಿಳಾಸ. ಇನ್ನೊಂದು ಮಾತು, ಎಕ್ಸ್‌ಪೋರ್ಟ್ ಮಾಡಿದ ಜೇಸನ್‌ನಲ್ಲಿ 'ಐಡಿ' ಅಂತ ಒಂದು ಅಂಕಿ ಉಳಿದಿದ್ದರೆ ಅದನ್ನು 'ನಲ್' (ಖಾಲಿ) ಮಾಡಿ. ಮರೆತರೆ ಬೇರೆ ಯಾವುದೋ ಡ್ಯಾಶ್‌ಬೋರ್ಡ್ ಮೇಲೆ ಹೋಗಿ ಕೂರಬಹುದು.

ಟೆಂಪ್ಲೇಟ್‌ನಲ್ಲಿ ತಪ್ಪಿದ್ದರೆ ಆ ತಪ್ಪು ಎಲ್ಲ ಬ್ರಾಂಚಿಗೂ ಹೋಗುತ್ತದೆ, ಅದಕ್ಕೇ ಕೌಂಟರ್ ವಿಷಯ ನೋಡಿಕೊಳ್ಳಿ. ರೌಟರಿನಿಂದ ಅಂಕಿ ಓದುವ ಎಸ್‌ಎನ್‌ಎಂಪಿಯಲ್ಲಿ, ಹೋದ ಬಂದ ಡೇಟಾ ಎಣಿಸುವ ಹಳೇ 32 ಬಿಟ್ ಕೌಂಟರ್, ತುಂಬಿದ ಒಂದು ಗಿಗಾಬಿಟ್ ಲಿಂಕಿನಲ್ಲಿ ಸುಮಾರು 34 ಸೆಕೆಂಡಿಗೆ ಸುತ್ತಿ ಸೊನ್ನೆಗೆ ಬರುತ್ತದೆ. ನಿಮಿಷಕ್ಕೊಮ್ಮೆ ಓದಿದರೆ ಲೆಕ್ಕ ತಪ್ಪಿಯೇ ತಪ್ಪುತ್ತದೆ. 64 ಬಿಟ್‌ನದ್ದನ್ನೇ ಹಾಕಿ. ಪೋರ್ಟನ್ನು ಇಂಡೆಕ್ಸ್ ನಂಬರಿನಿಂದ ಹಿಡಿಯಬೇಡಿ, ರೌಟರ್ ರೀಬೂಟ್ ಆದರೆ ಅದು ಬದಲಾಗಬಹುದು. ಹೆಸರಿನಿಂದ ಹಿಡಿಯಿರಿ.

ಇಷ್ಟೆಲ್ಲ ಯಾಕೆ, ಒಂದೇ ಡ್ಯಾಶ್‌ಬೋರ್ಡ್ ಮಾಡಿ ಮೇಲೆ ಬ್ರಾಂಚ್ ಆರಿಸಿಕೊಳ್ಳುವ ಡ್ರಾಪ್‌ಡೌನ್ ಇಟ್ಟರೆ ಸಾಲದೇ ಅಂತ ಕೇಳಬಹುದು. ನಮ್ಮ ಟೀಮಿಗೆ ಅದೇ ಇದೆ, ಚೆನ್ನಾಗಿಯೇ ಇದೆ. ಆದರೆ ಬ್ರಾಂಚಿನವರಿಗೆ ಅವರ ಪುಟ ಮಾತ್ರ ಕಾಣಬೇಕು, ಫೋಲ್ಡರ್‌ಗೆ ಪರ್ಮಿಷನ್ ಕೊಟ್ಟರೆ ಅದು ಸುಲಭ. ಯಾರಾದರೂ ಒಂದು ಪ್ಯಾನೆಲ್ ಕೈಯಲ್ಲಿ ತಿದ್ದಿದರೆ ರಾತ್ರಿ ಅದು ಅಳಿಸಿಹೋಗುತ್ತದೆ, ಇದಕ್ಕೆ ಶುರುವಿನಲ್ಲಿ ಒಂದಿಷ್ಟು ಜಗಳ ಆಯಿತು. ಈಗ ಏನು ಬೇಕಾದರೂ ಗಿಟ್‌ನಲ್ಲಿರುವ (ಫೈಲ್‌ಗಳ ಬದಲಾವಣೆ ದಾಖಲಿಸುವ ಸಾಧನ) ಟೆಂಪ್ಲೇಟ್‌ಗೇ ಸೇರಿಸುತ್ತಾರೆ.

ಹೋದ ತಿಂಗಳು ಶಿವಮೊಗ್ಗದಲ್ಲಿ ಹೊಸ ರೌಟರ್ ಹಾಕಿದರು. ಅಲ್ಲಿನ ಹುಡುಗ ಕೇಬಲ್ ಚುಚ್ಚಿ "ಸರ್, ಬಂತಾ?" ಅಂತ ಫೋನ್ ಮಾಡಿದ. ಡ್ಯಾಶ್‌ಬೋರ್ಡ್ ಆಗಲೇ ಇತ್ತು, ಗೆರೆ ಏಳೋಕೆ ಶುರುವಾಗಿತ್ತು. ಆದರೂ ಐಪಿಯನ್ನು ಒಂದು ಸಲ ಅವನ ಹತ್ತಿರ ಓದಿಸಿಕೊಂಡೆ.