ಆಗುಂಬೆ ದಾರಿಯ ವರಂಗ

ಮಂಗಳೂರಿನಿಂದ ಆಗುಂಬೆಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಮೂಡುಬಿದಿರೆ, ಕಾರ್ಕಳ, ಹೆಬ್ರಿ, ಸೋಮೇಶ್ವರ. ಸೂರ್ಯ ಮುಳುಗುವುದರೊಳಗೆ ಘಾಟಿ ಹತ್ತಬೇಕು ಎನ್ನುವ ಗಡಿಬಿಡಿಯಲ್ಲಿ ವರಂಗದ ಬೋರ್ಡು ಕಿಟಕಿಯಾಚೆ ಸರ್ರನೆ ಹಿಂದೆ ಹೋಗುತ್ತಿತ್ತು. ಈ ಸಲ ಅಲ್ಲೇ ಇಳಿಯುವ ಅಂದೆ. ‘ಅಲ್ಲೆಂತ ಉಂಟು ಮಾರಾಯ?’ ಅಂದ ಗೆಳೆಯ.

ಕಾರ್ಕಳದಲ್ಲಿ ಬಸ್ಸು ಬದಲಿಸುವಾಗ ಸಮಯವಿತ್ತು. ಬಿಸಿಲಿಗೆ ಹೆದರಿ 42 ಅಡಿಯ ಗೊಮ್ಮಟನಿಗೆ ದೂರದಿಂದಲೇ ಕೈ ಮುಗಿದೆವು. ಎದುರಿನ ಪುಟ್ಟ ದಿಬ್ಬದ ಮೇಲಿನ ಚತುರ್ಮುಖ ಬಸದಿಗೆ ಮಾತ್ರ ಹತ್ತಿದೆವು. 1586ರಲ್ಲಿ ಕಟ್ಟಿಸಿದ್ದು. ನಾಲ್ಕು ದಿಕ್ಕಿಗೂ ಒಂದೇ ತರದ ಬಾಗಿಲು. ಯಾವ ಕಡೆಯಿಂದ ನೋಡಿದರೂ ಅದೇ ಮೂವರು ಜೈನ ತೀರ್ಥಂಕರರು: ಅರನಾಥ, ಮಲ್ಲಿನಾಥ, ಮುನಿಸುವ್ರತ. ಎರಡು ಸುತ್ತು ಹಾಕಿ ಹೊರಗೆ ಬಂದಾಗ ಚಪ್ಪಲಿ ಬಿಟ್ಟದ್ದು ಯಾವ ಕಡೆ ಅಂತಲೇ ಮರೆತಿತ್ತು. ಕಾದ ಕಲ್ಲಿನ ಮೇಲೆ ಕುಣಿಯುತ್ತಾ ಹುಡುಕಿದೆವು.

ವರಂಗದಲ್ಲಿ ಇಳಿದಾಗ ಮೂರು ಗಂಟೆ. ಒಂದೆರಡು ಅಂಗಡಿ, ಗದ್ದೆ, ಅಡಿಕೆ ತೋಟ. ಹಿಂದೆ ಪಶ್ಚಿಮ ಘಟ್ಟದ ಸಾಲು. ಇಷ್ಟು ಸಣ್ಣ ಊರಿನಲ್ಲಿ ಇಷ್ಟು ದೊಡ್ಡ ಬಸದಿಯೇ ಅನ್ನಿಸುವ ಹಾಗೆ ನೇಮಿನಾಥ ಬಸದಿ ನಿಂತಿದೆ. ಮುಂದೆ ಮಾನಸ್ತಂಭ. ಊರಿನವರಿಗೆ ಇದು ಹಿರೇ ಬಸದಿ. ವಿಜಯನಗರದ ದೇವರಾಯ 1424ರಲ್ಲಿ ವರಂಗ ಗ್ರಾಮವನ್ನೇ ಈ ನೇಮಿನಾಥನಿಗೆ ದಾನ ಕೊಟ್ಟ. ಕಾರ್ಕಳದ ಗೊಮ್ಮಟ ಎದ್ದದ್ದು 1432ರಲ್ಲಿ. ಅಂದರೆ ಆ ಗೊಮ್ಮಟ ಕಣ್ಣು ಬಿಡುವ ಎಂಟು ವರ್ಷ ಮೊದಲೇ ಇಲ್ಲಿನ ದೇವರಿಗೆ ಒಂದು ಇಡೀ ಊರಿತ್ತು. ನಾವೋ, ಅವನನ್ನು ನೋಡಿ ಇವನನ್ನು ಬಿಟ್ಟು ಹೋಗುವವರು.

ನಾನು ಬಂದದ್ದು ಕೆರೆ ಬಸದಿಗೆ. ಕೆರೆಯ ನಟ್ಟ ನಡುವೆ ಕಲ್ಲಿನ ಬಸದಿ, ಸುತ್ತ ನೀರು. ಹೋಗಲು ದೋಣಿ ಒಂದೇ ದಾರಿ. ಸೇತುವೆ ಕಟ್ಟಬಹುದಿತ್ತಲ್ಲ ಎಂದ ಗೆಳೆಯ. ಕಟ್ಟದೇ ಇದ್ದದ್ದೇ ಪುಣ್ಯ ಅಂತ ನನಗನ್ನಿಸಿತು.

ದೋಣಿ ಆಚೆ ದಡದಲ್ಲಿತ್ತು. ಕೂಗಿ ಕರೆದರೂ ಅವಸರದಿಂದ ಬರುವ ಲಕ್ಷಣ ಇರಲಿಲ್ಲ. ಹತ್ತು ನಿಮಿಷಕ್ಕೆ ಬಂತು. ಅಡಿಯಲ್ಲಿ ಒಂದು ಬೆರಳಿನಷ್ಟು ನೀರು. ದೋಣಿಯವರು ಡಬ್ಬಿಯಲ್ಲಿ ಮೊಗೆದು ಚೆಲ್ಲಿ, ‘ನಡುವೆ ಕೂತ್ಕೊಳ್ಳಿ, ಅಲ್ಲಾಡ್ಬೇಡಿ’ ಅಂದರು. ಈಜು ಬಾರದ ನಾನು ಎರಡೂ ಅಂಚನ್ನು ಗಟ್ಟಿಯಾಗಿ ಹಿಡಿದೆ. ಹುಟ್ಟು ನೀರಿಗೆ ಬಿದ್ದಾಗಲೆಲ್ಲ ಎದುರಿದ್ದ ಬಸದಿಯ ನೆರಳು ಚೂರಾಗುತ್ತಿತ್ತು, ಮತ್ತೆ ಕೂಡುತ್ತಿತ್ತು. ಕಾರ್ಕಳದಲ್ಲಿ ಬಾಯಿ ಮುಚ್ಚದೆ ಮಾತಾಡುತ್ತಿದ್ದ ಗೆಳೆಯ ಇಲ್ಲಿ ಸುಮ್ನೆ ಕೂತಿದ್ದ.

ಬಸದಿ ಹನ್ನೆರಡನೇ ಶತಮಾನದ್ದು ಅನ್ನುತ್ತಾರೆ. ಇದೂ ಚತುರ್ಮುಖವೇ, ಆದರೆ ಕಾರ್ಕಳದ ಗತ್ತು ಇಲ್ಲಿಲ್ಲ. ಇಲ್ಲಿ ಪಾರ್ಶ್ವನಾಥ, ನೇಮಿನಾಥ, ಶಾಂತಿನಾಥ, ಅನಂತನಾಥ, ದಿಕ್ಕಿಗೊಬ್ಬರು. ಒಳಗೆ ತಂಪು, ಮಬ್ಬು ಬೆಳಕು, ಎಣ್ಣೆ ದೀಪದ ವಾಸನೆ. ಪದ್ಮಾವತಿ ಅಮ್ಮನಿಗೆ ಹರಕೆ ಹೇಳಿಕೊಂಡು ಬರುವವರು ಜಾಸ್ತಿ. ನಮ್ಮ ಜೊತೆ ಬಂದಿದ್ದ ಅಜ್ಜಿಯೊಬ್ಬರು ಕಣ್ಣು ಮುಚ್ಚಿ ಏನೋ ಗುಣುಗುಣು ಹೇಳುತ್ತಿದ್ದರು. ಹೊರಡುವ ಹೊತ್ತಾದರೂ ಅವರದು ಮುಗಿಯಲಿಲ್ಲ. ಅವರನ್ನು ಬಿಟ್ಟು ದೋಣಿ ಹೋಗುವ ಹಾಗಿಲ್ಲ, ಅಲ್ವಾ? ದೋಣಿಯವರು ಮೆಟ್ಟಿಲ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡರು. ನಾವೂ ಪಕ್ಕದಲ್ಲಿ ಕೂತೆವು.

ದೂರದ ರಸ್ತೆಯಲ್ಲಿ ಹೆಬ್ರಿ ಕಡೆಗೆ ಬಸ್ಸೊಂದು ಉದ್ದಕ್ಕೆ ಹಾರ್ನ್ ಹಾಕುತ್ತಾ ಹೋಯಿತು. ಗೆಳೆಯ ವಾಚು ನೋಡಿಕೊಂಡ. ಏಳಲಿಲ್ಲ.