ಬ್ರೌಸರ್‌ಗೆ ಸಿಗುವ ಇಂಟರ್ನೆಟ್ ಆರ್‌ಗೆ ಯಾಕೆ ಸಿಗಲ್ಲ?

ನಮ್ಮ ಟೀಮಿಗೆ ಯಾರೇ ಹೊಸಬರು ಸೇರಲಿ, ಮೊದಲ ವಾರದಲ್ಲೇ ನನಗೊಂದು ಮೆಸೇಜ್ ಗ್ಯಾರಂಟಿ. "ಬ್ರೌಸರ್‌ನಲ್ಲಿ ಕ್ರಾನ್ ಆರಾಮಾಗಿ ತೆರೆದುಕೊಳ್ಳುತ್ತೆ, ಆರ್‌ನಲ್ಲಿ ಮಾತ್ರ ಒಂದು ಪ್ಯಾಕೇಜೂ ಇನ್‌ಸ್ಟಾಲ್ ಆಗ್ತಿಲ್ಲ, ಯಾಕೆ?" (ಆರ್ ಅಂದರೆ ಸ್ಟ್ಯಾಟಿಸ್ಟಿಕ್ಸ್ ಕೆಲಸಕ್ಕೆ ಬಳಸುವ ಪ್ರೋಗ್ರಾಮಿಂಗ್ ಭಾಷೆ, ಕ್ರಾನ್ ಅದರ ಪ್ಯಾಕೇಜ್‌ಗಳನ್ನು ಇಟ್ಟಿರುವ ರೆಪಾಸಿಟರಿ.) ಜೊತೆಗೊಂದು ಸ್ಕ್ರೀನ್‌ಶಾಟ್. ಅದರಲ್ಲಿ ರೆಪಾಸಿಟರಿಯ ಇಂಡೆಕ್ಸ್ ಸಿಗುತ್ತಿಲ್ಲ ಎಂಬ ಕೆಂಪಕ್ಷರದ ಎಚ್ಚರಿಕೆ. ನಾನು ಸ್ಟ್ಯಾಟಿಸ್ಟಿಕ್ಸ್ ಓದಿದವಳು, ನೆಟ್‌ವರ್ಕ್ ನನ್ನ ಕೆಲಸವಲ್ಲ. ಆದರೂ ಪ್ರಾಕ್ಸಿಯ (ಆಫೀಸಿನಿಂದ ಇಂಟರ್ನೆಟ್‌ಗೆ ಹೋಗುವಾಗ ನಡುವೆ ದಾಟಬೇಕಾದ ಸರ್ವರ್) ಹಿಂದೆ ಕೂತು ವರ್ಷಗಟ್ಟಲೆ ಆರ್ ಬಳಸಿದ ಮೇಲೆ ಈ ಜವಾಬ್ದಾರಿ ತಾನಾಗಿ ನನ್ನ ತಲೆಗೆ ಬಂದಿದೆ. ಗೊತ್ತಿರುವುದನ್ನೆಲ್ಲ ಒಂದು ಕಡೆ ಬರೆದಿಟ್ಟರೆ ಮುಂದಿನ ಸಲ ಲಿಂಕ್ ಕಳಿಸಿದರೆ ಸಾಕು, ಅಲ್ವಾ?

ಮೊದಲೇ ಒಂದು ಮಾತು. ಕಮಾಂಡ್‌ಗಳನ್ನೂ ಫೈಲ್ ಹೆಸರುಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನಲ್ಲಿ ಮಾಡಿಕೊಳ್ಳಿ. ಆರ್ ಬಳಸುವವರಿಗೆ ಇದೇನು ಕಷ್ಟವಲ್ಲ.

ಈಗ ವಿಷಯಕ್ಕೆ ಬರೋಣ. "ಆರ್‌ಗೆ ಪ್ರಾಕ್ಸಿ ಹಾಕುವುದು" ಅಂತ ಒಂದೇ ಒಂದು ಸೆಟ್ಟಿಂಗ್ ಇಲ್ಲ. ಎಲ್ಲ ಗೊಂದಲವೂ ಇಲ್ಲಿಂದಲೇ ಶುರು. ನೀವು ಇನ್‌ಸ್ಟಾಲ್ ಡಾಟ್ ಪ್ಯಾಕೇಜಸ್ ಅಂದಾಗ ಹೊರಗೆ ಹೋಗುವುದು ಲಿಬ್‌ಕರ್ಲ್ ಎಂಬ ಲೈಬ್ರರಿ. ಗಿಟ್ ಕಮಾಂಡ್ ಓಡಿಸಿದರೆ ಗಿಟ್ ತನ್ನದೇ ಸೆಟ್ಟಿಂಗ್ ನೋಡಿಕೊಳ್ಳುತ್ತದೆ. ಜಾವಾ ಬಳಸುವ ಪ್ಯಾಕೇಜ್ ಆದರೆ ಜಾವಾದ ಪ್ರಾಕ್ಸಿ ಪ್ರಾಪರ್ಟಿಗಳೇ ಬೇರೆ. ಹಾಗಾಗಿ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಈಗ ಹೊರಗೆ ಹೋಗಲು ನೋಡುತ್ತಿರುವುದು ಯಾರು? ಇದು ಗೊತ್ತಾದರೆ ಸೆಟ್ಟಿಂಗ್ ಎಲ್ಲಿ ಹಾಕಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ವಿಂಡೋಸ್ ಬಳಸುವವರು ಇನ್ನೊಂದು ದೂರು ಹೇಳುತ್ತಾರೆ. "ಹಳೇ ಆರ್‌ನಲ್ಲಿ ಏನೂ ಮಾಡದೆ ಕೆಲಸ ಮಾಡ್ತಿತ್ತು, ಹೊಸದು ಹಾಕಿದ ಮೇಲೆ ಕೆಟ್ಟಿತು." ಅವರು ಹೇಳುವುದು ನಿಜ. 2022ರ ಏಪ್ರಿಲ್‌ನಲ್ಲಿ ಬಂದ 4.2.0 ಆವೃತ್ತಿಯ ತನಕ ವಿಂಡೋಸ್‌ನಲ್ಲಿ ಆರ್ ಡೌನ್‌ಲೋಡಿಗೆ ವಿಂಡೋಸಿನದೇ ಲೈಬ್ರರಿಯಾದ ವಿನ್‌ಐನೆಟ್ ಬಳಸುತ್ತಿತ್ತು. ಅದು ವಿಂಡೋಸಿನ ಇಂಟರ್ನೆಟ್ ಆಪ್ಷನ್ಸ್ ನೋಡಿ ಪ್ರಾಕ್ಸಿಯನ್ನು ತಾನೇ ಹಿಡಿಯುತ್ತಿತ್ತು. 4.2.0ರಿಂದ ಲಿಬ್‌ಕರ್ಲ್ ಡೀಫಾಲ್ಟ್ ಆಯಿತು. ಲಿಬ್‌ಕರ್ಲ್ ಇಂಟರ್ನೆಟ್ ಆಪ್ಷನ್ಸ್ ಕಡೆ ತಿರುಗಿಯೂ ನೋಡುವುದಿಲ್ಲ. ಅದಕ್ಕೆ ಬೇಕಿರುವುದು ಎನ್ವಿರಾನ್‌ಮೆಂಟ್ ವೇರಿಯಬಲ್, ಅಂದರೆ ಪ್ರೋಗ್ರಾಮ್‌ಗಳು ಓದಿಕೊಳ್ಳಲಿ ಅಂತ ಒಂದು ಹೆಸರು ಕೊಟ್ಟು ಇಡುವ ಸೆಟ್ಟಿಂಗ್. ಮೆಥಡ್ ಬದಲಿಸಿ ವಿನ್‌ಐನೆಟ್‌ಗೇ ವಾಪಸ್ ಹೋಗಿ ಅಂತ ಕೆಲವರು ಸಲಹೆ ಕೊಡುತ್ತಾರೆ. ಹೋಗಬಹುದು, ಆದರೆ ಆ ದಾರಿಯನ್ನು ಮುಚ್ಚುತ್ತೇವೆ ಅಂತ ಆರ್ ತಾನೇ ಎಚ್ಚರಿಕೆ ಕೊಡುತ್ತದೆ. ನನ್ನ ಮಟ್ಟಿಗೆ ಅದು ಸಮಸ್ಯೆಯನ್ನು ಮುಂದೂಡುವುದು ಅಷ್ಟೇ.

ವೇರಿಯಬಲ್ ಹಾಕಲು ಪ್ರಾಕ್ಸಿಯ ವಿಳಾಸ ಬೇಕು. ಅದೇ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಹುಡುಕಿದರೆ ಸರ್ವರ್ ಹೆಸರಿನ ಬದಲು ಪ್ಯಾಕ್ ಫೈಲಿನ ವಿಳಾಸ ಇರುತ್ತದೆ. ಅದನ್ನೇ ನಕಲು ಮಾಡಿ ಆರ್‌ಗೆ ಕೊಟ್ಟರೆ ನಡೆಯುವುದಿಲ್ಲ, ಯಾಕೆಂದರೆ ಪ್ಯಾಕ್ ಫೈಲ್ ಒಂದು ಪುಟ್ಟ ಜಾವಾಸ್ಕ್ರಿಪ್ಟ್ ಪ್ರೋಗ್ರಾಮ್. ಯಾವ ಸೈಟಿಗೆ ಯಾವ ಪ್ರಾಕ್ಸಿ ಅಂತ ಅದು ಲೆಕ್ಕ ಹಾಕಿ ಹೇಳುತ್ತದೆ. ಬ್ರೌಸರ್ ಅದನ್ನು ಓಡಿಸಬಲ್ಲದು, ಲಿಬ್‌ಕರ್ಲ್‌ಗೆ ಆಗುವುದಿಲ್ಲ. ಆ ಫೈಲನ್ನು ಇಳಿಸಿಕೊಂಡು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಕೊನೆಯ ಕಡೆ ಪ್ರಾಕ್ಸಿ ಅನ್ನುವ ಪದದ ಮುಂದೆ ಸರ್ವರ್ ಹೆಸರು, ಕೋಲನ್, 8080 ಅಥವಾ 3128ರಂಥ ಪೋರ್ಟ್ ನಂಬರ್ ಸಾಮಾನ್ಯವಾಗಿ ಸಿಗುತ್ತದೆ. ವಿಂಡೋಸ್ ಆದರೆ ಇನ್ನೂ ಸುಲಭ. ಕರ್ಲ್ ಪ್ಯಾಕೇಜಿನಲ್ಲಿ ಐಇ_ಗೆಟ್_ಪ್ರಾಕ್ಸಿ_ಫಾರ್_ಯುಆರ್‌ಎಲ್ ಎಂಬ ಫಂಕ್ಷನ್ ಇದೆ. ಒಂದು ವಿಳಾಸ ಕೊಟ್ಟರೆ ಅದಕ್ಕೆ ಯಾವ ಪ್ರಾಕ್ಸಿ ಅಂತ ಹೇಳುತ್ತದೆ. (ಕರ್ಲ್ ಪ್ಯಾಕೇಜ್ ಇನ್‌ಸ್ಟಾಲ್ ಮಾಡಲಿಕ್ಕೇ ಪ್ರಾಕ್ಸಿ ಬೇಕಲ್ಲ ಅಂತ ಕೇಳಬೇಡಿ. ಜಿಪ್ ಫೈಲನ್ನು ಬ್ರೌಸರ್‌ನಲ್ಲಿ ಇಳಿಸಿ, ಅಲ್ಲಿಂದ ಹಾಕಿಕೊಳ್ಳಿ.)

ಹಾಕಬೇಕಾದ ವೇರಿಯಬಲ್‌ಗಳು ಎರಡು: ಎಚ್‌ಟಿಟಿಪಿ_ಪ್ರಾಕ್ಸಿ ಮತ್ತು ಎಚ್‌ಟಿಟಿಪಿಎಸ್_ಪ್ರಾಕ್ಸಿ. ಈಗ ಹೆಚ್ಚೂಕಡಿಮೆ ಎಲ್ಲವೂ ಎಚ್‌ಟಿಟಿಪಿಎಸ್ ಆಗಿರುವುದರಿಂದ ಎರಡನೆಯದೇ ಮುಖ್ಯ. ಆದರೆ ಅದರ ಬೆಲೆ ಬರೆಯುವಾಗ ವಿಳಾಸ ಸಾಮಾನ್ಯವಾಗಿ ಬರೀ ಎಚ್‌ಟಿಟಿಪಿಯಿಂದಲೇ ಶುರುವಾಗಬೇಕು, ಎಚ್‌ಟಿಟಿಪಿಎಸ್‌ನಿಂದಲ್ಲ. ಹೆಸರಿನಲ್ಲಿ ಎಸ್ ಇದೆಯಲ್ಲ ಅಂತ ಬೆಲೆಗೂ ಎಸ್ ಸೇರಿಸಿದವರನ್ನು ತುಂಬಾ ಜನ ನೋಡಿದ್ದೇನೆ. ವೇರಿಯಬಲ್‌ನ ಹೆಸರು ನೀವು ಹೋಗಬೇಕಾದ ಸೈಟ್ ಯಾವ ಥರದ್ದು ಅಂತ ಹೇಳುತ್ತದೆ. ಬೆಲೆ ಪ್ರಾಕ್ಸಿಯ ಜೊತೆ ಹೇಗೆ ಮಾತಾಡಬೇಕು ಅಂತ ಹೇಳುತ್ತದೆ. ಪ್ರಾಕ್ಸಿಯ ಜೊತೆ ಮಾತು ಬಹುಪಾಲು ಮಾಮೂಲಿ ಎಚ್‌ಟಿಟಿಪಿಯಲ್ಲೇ. "ಇಂಥ ಸರ್ವರ್‌ಗೆ ಕನೆಕ್ಟ್ ಮಾಡಿಕೊಡು" ಅಂತ ಕೇಳಿಕೊಂಡ ಮೇಲೆ ಅದರೊಳಗಿನ ಟನಲ್‌ನಲ್ಲಿ ಎನ್‌ಕ್ರಿಪ್ಟ್ ಆದ ಮಾತು ಸಾಗುತ್ತದೆ.

ಲಿನಕ್ಸ್‌ನಲ್ಲಿ ಎಚ್‌ಟಿಟಿಪಿ_ಪ್ರಾಕ್ಸಿಯನ್ನು ಸಣ್ಣ ಅಕ್ಷರದಲ್ಲೇ ಬರೆಯಿರಿ. ದೊಡ್ಡಕ್ಷರದ ಹೆಸರನ್ನು ಲಿಬ್‌ಕರ್ಲ್ ಬೇಕಂತಲೇ ಓದುವುದಿಲ್ಲ. ಅದಕ್ಕೊಂದು ಕಾರಣ ಇದೆ. ವೆಬ್ ಸರ್ವರ್‌ನಲ್ಲಿ ಸಿಜಿಐ ಪ್ರೋಗ್ರಾಮ್ (ಹೊರಗಿನ ಕೋರಿಕೆ ಬಂದಾಗ ಸರ್ವರ್ ಓಡಿಸುವ ಪ್ರೋಗ್ರಾಮ್) ಓಡುವಾಗ ಹೊರಗಿನವರು ಕಳಿಸುವ ಹೆಡರ್‌ಗಳು ದೊಡ್ಡಕ್ಷರದ ವೇರಿಯಬಲ್‌ಗಳಾಗಿ ಒಳಗೆ ಬರುತ್ತವೆ. ಯಾರಾದರೂ ಪ್ರಾಕ್ಸಿ ಅನ್ನುವ ಹೆಡರ್ ಕಳಿಸಿದರೆ ನಿಮ್ಮ ಪ್ರೋಗ್ರಾಮ್ ಅವರು ಹೇಳಿದ ಸರ್ವರ್ ಮೂಲಕ ಹೊರಗೆ ಹೋಗಿಬಿಡುತ್ತದೆ. 2016ರಲ್ಲಿ ಎಚ್‌ಟಿಟಿಪಾಕ್ಸಿ ಎಂಬ ಹೆಸರಿನಲ್ಲಿ ಸುದ್ದಿಯಾದದ್ದು ಇದೇ. ವಿಂಡೋಸ್‌ನಲ್ಲಿ ಈ ವ್ಯತ್ಯಾಸವೇ ಇಲ್ಲ.

ಇವನ್ನು ಬರೆಯುವ ಜಾಗ ಡಾಟ್ ಆರ್‌ಎನ್ವಿರಾನ್ ಫೈಲ್. ಶೆಲ್‌ನ ಬ್ಯಾಶ್‌ಆರ್‌ಸಿಯಲ್ಲಿ ಬರೆದರೆ ಟರ್ಮಿನಲ್‌ನಿಂದ ತೆರೆದ ಆರ್‌ಗೆ ಸಿಗುತ್ತದೆ. ಐಕಾನ್ ಒತ್ತಿ ತೆರೆದ ಆರ್‌ಸ್ಟುಡಿಯೋಗೆ ಸಿಗದೇ ಹೋಗಬಹುದು. ನಿಗದಿತ ಹೊತ್ತಿಗೆ ಕೆಲಸ ಶುರುಮಾಡುವ ಕ್ರಾನ್‌ಟ್ಯಾಬ್‌ನಲ್ಲಿ (ಪ್ಯಾಕೇಜ್‌ಗಳ ಕ್ರಾನ್ ಅಲ್ಲ) ರಾತ್ರಿ ಓಡುವ ಸ್ಕ್ರಿಪ್ಟಿಗಂತೂ ಸಿಗುವುದೇ ಇಲ್ಲ. ಆರ್‌ಎನ್ವಿರಾನ್ ಅನ್ನು ಆರ್ ತಾನೇ ಓದುತ್ತದೆ, ಹಾಗಾಗಿ ಎಲ್ಲ ಕಡೆ ನಡೆಯುತ್ತದೆ. ಸ್ಕ್ರಿಪ್ಟನ್ನು ವೆನಿಲಾ ಆಪ್ಷನ್ ಜೊತೆ ಓಡಿಸಿದರೆ ಮಾತ್ರ ಈ ಫೈಲನ್ನೂ ಬಿಟ್ಟುಬಿಡುತ್ತದೆ. ಯೂಸ್‌ದಿಸ್ ಪ್ಯಾಕೇಜ್ ಇದ್ದರೆ ಎಡಿಟ್_ಆರ್_ಎನ್ವಿರಾನ್ ಅಂದರೆ ಫೈಲ್ ತೆರೆದುಕೊಳ್ಳುತ್ತದೆ. ಕೊನೆಯ ಸಾಲಾದ ಮೇಲೆ ಒಂದು ಎಂಟರ್ ಒತ್ತಿ. ಆರ್ ಅನ್ನು ರೀಸ್ಟಾರ್ಟ್ ಮಾಡಿ, ಸಿಸ್ ಡಾಟ್ ಗೆಟ್‌ಎನ್ವ್‌ನಿಂದ ಬೆಲೆ ಬಂದಿದೆಯಾ ನೋಡಿ.

ಬರಲಿಲ್ಲವಾ? ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಇನ್ನೊಂದು ಆರ್‌ಎನ್ವಿರಾನ್ ಇದೆಯೇ ಹುಡುಕಿ. ಆರ್ ಮೊದಲು ಈಗಿನ ಫೋಲ್ಡರ್ ನೋಡುತ್ತದೆ. ಅಲ್ಲಿ ಸಿಕ್ಕರೆ ಹೋಮ್‌ನಲ್ಲಿರುವುದನ್ನು ಮುಟ್ಟುವುದೇ ಇಲ್ಲ. ಎರಡನ್ನೂ ಸೇರಿಸಿ ಓದುತ್ತದೆ ಅಂದುಕೊಳ್ಳುವವರು ಜಾಸ್ತಿ. "ಒಂದು ಪ್ರಾಜೆಕ್ಟಿನಲ್ಲಿ ಮಾತ್ರ ಇಂಟರ್ನೆಟ್ ಇಲ್ಲ" ಅಂತ ಯಾರಾದರೂ ಹೇಳಿದರೆ ನಾನು ನೇರ ಅಲ್ಲಿಗೇ ಹೋಗುತ್ತೇನೆ.

ಇನ್ನು ಯೂಸರ್‌ನೇಮ್, ಪಾಸ್‌ವರ್ಡ್ ಕೇಳುವ ಪ್ರಾಕ್ಸಿಗಳು. ವಿಳಾಸದ ಒಳಗೇ ಹೆಸರು, ಕೋಲನ್, ಪಾಸ್‌ವರ್ಡ್, @, ಆಮೇಲೆ ಸರ್ವರ್ ಹೀಗೆ ಬರೆಯುವ ರೂಢಿ ಇದೆ. ಪಾಸ್‌ವರ್ಡಿನಲ್ಲೇ @ ಇದ್ದರೆ ಎಲ್ಲಿ ಕತ್ತರಿಸಬೇಕು ಅನ್ನುವುದೇ ಗೊಂದಲ. ಅದಕ್ಕೆ @ ಇರುವಲ್ಲಿ %40, # ಇರುವಲ್ಲಿ %23 ಹಾಕಬೇಕು. ಡೊಮೇನ್ ಹೆಸರಿನ ಮುಂದೆ ಬ್ಯಾಕ್‌ಸ್ಲ್ಯಾಷ್ ಬರೆದಿದ್ದರೆ ಇನ್ನೊಂದು ತೊಂದರೆ: ಕೋಟ್ ಇಲ್ಲದ ಕಡೆ ಆರ್‌ಎನ್ವಿರಾನ್ ಬ್ಯಾಕ್‌ಸ್ಲ್ಯಾಷ್‌ಗಳನ್ನು ಸದ್ದಿಲ್ಲದೆ ತೆಗೆದುಹಾಕುತ್ತದೆ. ಎನ್‌ಕೋಡ್ ಮಾಡಿಕೊಡಲು ಯುಆರ್‌ಎಲ್‌ಎನ್‌ಕೋಡ್ ಫಂಕ್ಷನ್ ಇದೆ, ರಿಸರ್ವ್ಡ್ ಅನ್ನುವುದನ್ನು ಟ್ರೂ ಮಾಡಬೇಕು. ಆದರೆ ಅಸಲಿ ಪಾಸ್‌ವರ್ಡನ್ನು ಕನ್ಸೋಲಿನಲ್ಲಿ ಟೈಪ್ ಮಾಡಿದರೆ ಅದು ಹಿಸ್ಟರಿ ಫೈಲಿನಲ್ಲಿ ಉಳಿಯಬಹುದು ಅನ್ನುವುದು ನೆನಪಿರಲಿ.

ನಿಜ ಹೇಳಬೇಕೆಂದರೆ, ಆರ್‌ಎನ್ವಿರಾನ್‌ನಲ್ಲಿ ಪಾಸ್‌ವರ್ಡ್ ಬರೆಯುವುದೇ ನನಗೆ ಇಷ್ಟವಿಲ್ಲ. ವಿಂಡೋಸ್‌ನಲ್ಲಿ ಆರ್‌ನ ಹೋಮ್ ಅಂದರೆ ಡಾಕ್ಯುಮೆಂಟ್ಸ್ ಫೋಲ್ಡರ್. ಎಷ್ಟೋ ಆಫೀಸುಗಳಲ್ಲಿ ಆ ಫೋಲ್ಡರ್ ಒನ್‌ಡ್ರೈವ್‌ಗೆ ಸಿಂಕ್ ಆಗುತ್ತಿರುತ್ತದೆ. ನಿಮ್ಮ ಲಾಗಿನ್ ಪಾಸ್‌ವರ್ಡ್ ಸಾದಾ ಅಕ್ಷರದಲ್ಲಿ ಕ್ಲೌಡಿಗೆ ಹೋಗಿ ಕೂತಿರುತ್ತದೆ. ಇನ್ನೊಂದು ಕಿರಿಕಿರಿಯೂ ಇದೆ. ಪಾಸ್‌ವರ್ಡ್ ಬದಲಾಯಿಸಿದ ದಿನ ಹಿನ್ನೆಲೆಯಲ್ಲಿ ಓಡುವ ಸ್ಕ್ರಿಪ್ಟ್ ಹಳೆಯದನ್ನೇ ಮತ್ತೆ ಮತ್ತೆ ಕಳಿಸುತ್ತದೆ, ಆಗ ಅಕೌಂಟೇ ಲಾಕ್ ಆಗುತ್ತದೆ. ಯಾಕೆ ಲಾಕ್ ಆಯಿತು ಅಂತ ಐಟಿಯವರಿಗೂ ತಿಳಿಯುವುದಿಲ್ಲ, ನಿಮಗೂ ತಿಳಿಯುವುದಿಲ್ಲ.

ಎಲ್ಲ ಸರಿ ಬರೆದರೂ 407 (ಪ್ರಾಕ್ಸಿ ಲಾಗಿನ್ ಕೇಳುವ ಎರರ್ ಕೋಡ್) ಬರುತ್ತಲೇ ಇದ್ದರೆ ಪಾಸ್‌ವರ್ಡನ್ನು ಬೈಯುವುದು ಬಿಡಿ. ಪ್ರಾಕ್ಸಿ ಎನ್‌ಟಿಎಲ್‌ಎಂ ಅಥವಾ ನೆಗೋಷಿಯೇಟ್ ಎಂಬ ಲಾಗಿನ್ ವಿಧಾನವನ್ನು ಮಾತ್ರ ಒಪ್ಪುತ್ತಿರಬಹುದು. ವಿಳಾಸದಲ್ಲಿ ಬರೆದ ಪಾಸ್‌ವರ್ಡನ್ನು ಲಿಬ್‌ಕರ್ಲ್ ಕಳಿಸುವುದು ಬೇಸಿಕ್ ವಿಧಾನದಲ್ಲಿ. ಎಚ್‌ಟಿಟಿಆರ್ ಪ್ಯಾಕೇಜಿನ ಯೂಸ್_ಪ್ರಾಕ್ಸಿಯಲ್ಲಿ ಎನ್‌ಟಿಎಲ್‌ಎಂ ಆರಿಸಬಹುದು, ಆದರೆ ಅದು ಎಪಿಐ ಕರೆಗಳಿಗೆ ಸರಿ, ಪ್ಯಾಕೇಜ್ ಇನ್‌ಸ್ಟಾಲ್‌ಗೆ ಉಪಯೋಗಕ್ಕೆ ಬರುವುದಿಲ್ಲ. ಇಂಥ ಕಡೆ ಸಿಎನ್‌ಟಿಎಲ್‌ಎಂ ಅಥವಾ ಪಿಎಕ್ಸ್ ಎಂಬ ಪುಟ್ಟ ಪ್ರೋಗ್ರಾಮ್ ನಿಮ್ಮ ಮಷೀನ್‌ನಲ್ಲೇ 3128 ಪೋರ್ಟಿನಲ್ಲಿ ದುಭಾಷಿಯ ಹಾಗೆ ಕೂರುತ್ತದೆ. ಆರ್ ಅದರ ಜೊತೆ ಪಾಸ್‌ವರ್ಡ್ ಇಲ್ಲದೆ ಮಾತಾಡುತ್ತದೆ, ಅದು ದೊಡ್ಡ ಪ್ರಾಕ್ಸಿಯ ಜೊತೆ ಸರಿಯಾದ ವಿಧಾನದಲ್ಲಿ ಮಾತಾಡುತ್ತದೆ. ಪಾಸ್‌ವರ್ಡ್ ಬರೆದಿಡುವ ತಲೆನೋವೂ ಕಡಿಮೆ: ಸಿಎನ್‌ಟಿಎಲ್‌ಎಂಗೆ ಹ್ಯಾಶ್ ಕೊಟ್ಟರೆ ಸಾಕು, ಪಿಎಕ್ಸ್ ನಿಮ್ಮ ವಿಂಡೋಸ್ ಲಾಗಿನ್ ಅನ್ನೇ ಬಳಸಿಕೊಳ್ಳುತ್ತದೆ. ಐಟಿಯವರನ್ನು ಕೇಳಿಯೇ ಹಾಕಿ.

ಈ ಎಲ್ಲದರಲ್ಲಿ ಅತಿ ಹೆಚ್ಚು ಸಮಯ ಉಳಿಸುವುದು ಎರರ್ ಮೆಸೇಜನ್ನು ಪೂರ್ತಿ ಓದುವುದು. ಇಂಡೆಕ್ಸ್ ಸಿಗುತ್ತಿಲ್ಲ ಅನ್ನುವ ಸಾಲಿನಿಂದ ಏನೂ ತಿಳಿಯುವುದಿಲ್ಲ. ಆಪ್ಷನ್ಸ್‌ನಲ್ಲಿ ಇಂಟರ್ನೆಟ್ ಡಾಟ್ ಇನ್ಫೋವನ್ನು 0 ಮಾಡಿ, ಡೌನ್‌ಲೋಡ್ ಡಾಟ್ ಫೈಲ್‌ನಿಂದ ಒಂದು ಸಣ್ಣ ಫೈಲ್ ಎಳೆದು ನೋಡಿ. ಹೋಸ್ಟ್ ರಿಸಾಲ್ವ್ ಆಗಲಿಲ್ಲ ಅಂದರೆ ಆರ್ ನೇರವಾಗಿ ಹೋಗಲು ನೋಡುತ್ತಿದೆ, ನಿಮ್ಮ ವೇರಿಯಬಲ್ ಅದಕ್ಕೆ ತಲುಪಿಲ್ಲ. ಪ್ರಾಕ್ಸಿ ರಿಸಾಲ್ವ್ ಆಗಲಿಲ್ಲ ಅಂದರೆ ವೇರಿಯಬಲ್ ತಲುಪಿದೆ, ಸರ್ವರ್ ಹೆಸರು ತಪ್ಪು. ಈ ಎರಡು ಸಾಲುಗಳಲ್ಲಿ ವ್ಯತ್ಯಾಸ ಒಂದೇ ಪದ, ಹುಡುಕಬೇಕಾದ ಜಾಗ ಮಾತ್ರ ಪೂರ್ತಿ ಬೇರೆ. ಟೈಮ್‌ಔಟ್ ಆದರೆ ಫೈರ್‌ವಾಲ್ ನೇರ ಕರೆಯನ್ನು ನುಂಗುತ್ತಿರಬಹುದು. 407 ಬಂದರೆ ಪ್ರಾಕ್ಸಿಯ ಬಾಗಿಲಿಗೆ ಬಂದಿದ್ದೀರಿ, ಒಳಗೆ ಬಿಡುತ್ತಿಲ್ಲ. 403 ಬಂದರೆ ಆ ಸೈಟನ್ನೇ ತಡೆದಿರುವ ಸಾಧ್ಯತೆ ಹೆಚ್ಚು, ನೀವು ಸೆಟ್ಟಿಂಗ್ ಎಷ್ಟು ತಿರುವಿದರೂ ಪ್ರಯೋಜನವಿಲ್ಲ.

ಸರ್ಟಿಫಿಕೇಟ್ ಎರರ್ ಬಂದರೆ ಖುಷಿಪಡಿ, ಪ್ರಾಕ್ಸಿ ದಾಟಿದ್ದೀರಿ. ಹಲವು ಆಫೀಸುಗಳ ಪ್ರಾಕ್ಸಿ ಎನ್‌ಕ್ರಿಪ್ಟ್ ಆದ ಮಾತನ್ನು ಬಿಚ್ಚಿ ನೋಡಿ, ತನ್ನದೇ ಸರ್ಟಿಫಿಕೇಟ್ ಹಾಕಿ ಮತ್ತೆ ಮುಚ್ಚಿ ಕಳಿಸುತ್ತದೆ. ಲಿನಕ್ಸ್‌ನಲ್ಲಿ ಆ ರೂಟ್ ಸರ್ಟಿಫಿಕೇಟ್ ಇರುವ ಪೆಮ್ ಫೈಲನ್ನು ಐಟಿಯವರಿಂದ ಪಡೆದು, ಕರ್ಲ್_ಸಿಎ_ಬಂಡಲ್ ವೇರಿಯಬಲ್‌ಗೆ ಅದರ ದಾರಿ ಕೊಡಿ. ವಿಂಡೋಸ್‌ನಲ್ಲಿ ಸಿಸ್ಟಮ್‌ನ ಸರ್ಟಿಫಿಕೇಟ್‌ಗಳನ್ನೇ ಬಳಸುವುದರಿಂದ ಅದರ ಬದಲು ರಿವೊಕೇಶನ್ ಚೆಕ್ (ಸರ್ಟಿಫಿಕೇಟ್ ರದ್ದಾಗಿದೆಯಾ ಎಂಬ ಪರೀಕ್ಷೆ) ಆಗಲಿಲ್ಲ ಎಂಬ ದೂರು ಬರುತ್ತದೆ. ಅದಕ್ಕೆ ಈಗಿನ ಆವೃತ್ತಿಗಳಲ್ಲಿ ಆರ್_ಲಿಬ್‌ಕರ್ಲ್_ಎಸ್‌ಎಸ್‌ಎಲ್_ರಿವೋಕ್_ಬೆಸ್ಟ್_ಎಫರ್ಟ್ ಎಂಬ ಉದ್ದನೆಯ ಹೆಸರಿನ ವೇರಿಯಬಲ್ ಇದೆ, ಟ್ರೂ ಮಾಡಿ. ಸುಮ್ನೆ ವೆರಿಫಿಕೇಶನ್ನೇ ಆಫ್ ಮಾಡಿ ಅನ್ನುವ ಸಲಹೆಯನ್ನು ಮಾತ್ರ ಕೇಳಬೇಡಿ. ಪ್ಯಾಕೇಜ್ ಅಂದರೆ ನಿಮ್ಮ ಮಷೀನ್‌ನಲ್ಲಿ ಓಡುವ ಕೋಡ್. ಅದು ಎಲ್ಲಿಂದ ಬಂತು ಅಂತ ನೋಡದೆ ಹಾಕಿಕೊಳ್ಳುವುದು ನನಗಂತೂ ಒಪ್ಪಿಗೆಯಿಲ್ಲ.

ಪ್ರಾಕ್ಸಿ ಸರಿಯಾದ ಮೇಲೆ ಹೊಸದಾಗಿ ಕೆಡುವ ಸಂಗತಿಗಳೂ ಇವೆ. ಮಷೀನ್ ಲರ್ನಿಂಗ್‌ಗೆ ಬಳಸುವ ಎಚ್‌2ಒ ಪ್ಯಾಕೇಜ್ ನಿಮ್ಮ ಮಷೀನ್‌ನಲ್ಲೇ 54321 ಪೋರ್ಟಿನಲ್ಲಿ ಒಂದು ಸರ್ವರ್ ಶುರುಮಾಡಿ ಅದರ ಜೊತೆ ಮಾತಾಡುತ್ತದೆ. ಪ್ರಾಕ್ಸಿ ವೇರಿಯಬಲ್ ಇದ್ದರೆ ಆ ಮಾತೂ ಪ್ರಾಕ್ಸಿಯ ಕಡೆ ಓಡುತ್ತದೆ. ಪ್ರಾಕ್ಸಿ ಬೇಡದ ವಿಳಾಸಗಳನ್ನು ಹೇಳುವ ನೋ_ಪ್ರಾಕ್ಸಿ ವೇರಿಯಬಲ್‌ನಲ್ಲಿ ಲೋಕಲ್‌ಹೋಸ್ಟ್ ಮತ್ತು 127.0.0.1 ಬರೆದರೆ ಸರಿಹೋಗುತ್ತದೆ. ಆಫೀಸಿನ ಒಳಗಿನ ಸರ್ವರ್‌ಗಳ ಹೆಸರನ್ನೂ ಅಲ್ಲೇ ಸೇರಿಸಿ. ದೊಡ್ಡ ಪ್ಯಾಕೇಜ್ ಅರ್ಧಕ್ಕೆ ನಿಂತರೆ ಟೈಮ್‌ಔಟ್ ಜಾಸ್ತಿ ಮಾಡಿ: ಆರ್‌ನ ಡೀಫಾಲ್ಟ್ 60 ಸೆಕೆಂಡ್, ಎಲ್ಲವನ್ನೂ ಸ್ಕ್ಯಾನ್ ಮಾಡಿ ಬಿಡುವ ಪ್ರಾಕ್ಸಿಗೆ ಅದು ಸಾಲದು. ನಾನು 600 ಇಟ್ಟಿದ್ದೇನೆ.

ಟೀಮಿನಲ್ಲಿ ಹತ್ತಾರು ಜನ ಆರ್ ಬಳಸುತ್ತಿದ್ದರೆ ಪ್ರತಿಯೊಬ್ಬರಿಗೂ ಇಷ್ಟೆಲ್ಲ ಮಾಡಿಸುವ ಬದಲು ಒಳಗೇ ಒಂದು ಕ್ರಾನ್ ಮಿರರ್ (ಕ್ರಾನ್‌ನ ನಕಲು) ಇಡಿಸಿ. ಪೂರ್ತಿ ಬೇಡ, ಮಿನಿಕ್ರಾನ್ ಪ್ಯಾಕೇಜಿನಿಂದ ಬೇಕಾದಷ್ಟನ್ನು ಮತ್ತು ಅವುಗಳ ಡಿಪೆಂಡೆನ್ಸಿಗಳನ್ನು ಮಾತ್ರ ತರಿಸಬಹುದು. ಆಗ ಹೊರಗೆ ಹೋಗಬೇಕಾದ ಮಷೀನ್ ಒಂದೇ. ಉಳಿದವರ ಆರ್‌ಪ್ರೊಫೈಲ್‌ನಲ್ಲಿ (ಆರ್ ಶುರುವಾಗುವಾಗ ಓಡಿಸುವ ಫೈಲ್) ರೆಪೋಸ್ ಎಂಬ ಒಂದು ಸಾಲು ಬದಲಾದರೆ ಸಾಕು. ನಮ್ಮಲ್ಲಿ ಇದಕ್ಕೆ ಅರ್ಜಿ ಹಾಕಿದ್ದೇವೆ, ಡಿಸ್ಕ್ ಜಾಗ ಎಷ್ಟು ಬೇಕು ಅಂತ ಕೇಳುವ ಹಂತದಲ್ಲಿದೆ.